ಸುಗ್ರೀವಾಜ್ಞೆಯ ಗಡುವು

ಕಾಯಿದೆಯನ್ನು ಮಾಡತಕ್ಕವರಾರು? ಶಾಸನಸಭೆಯೆಂದು ಶಾಲೆಯ ಬಾಲಕನೂ ಉತ್ತರ ಕೊಡುವನು. ಪಾರ್ಲಿಮೆಂಟರಿ ಪದ್ಧತಿಯಲ್ಲಿ ಮಂತ್ರಿಮಂಡಲವು ಸಭೆಗೆ ಹೊಣೆಯಾಗಿದ್ದು, ಅದರ ವಿಶ್ವಾಸವಿರುವವರೆಗೆ ಮಾತ್ರ ಅಧಿಕಾರದಲ್ಲಿರತಕ್ಕದ್ದು. ಮಸೂದೆಯು ಉಭಯ ಸಭೆಗಳ ಚರ್ಚೆಯನ್ನು ದಾಟಿ, ರಾಷ್ಟ್ರಪತಿಗಳ ಅಂಕಿತವನ್ನು ಪಡೆದ ಬಳಿಕವೇ ಕಾಯಿದೆಯೆನಿಸುವುದು. ಆದರೆ ಈ ಮನೆಗೊಂದು ಹಿಂಬಾಗಿಲುಂಟು. ಅದೇ ಸುಗ್ರೀವಾಜ್ಞೆ.

ಈ ಬಾಗಿಲನ್ನು ಇಟ್ಟವರು ಪರಕೀಯರು. 1861ರ ಕೌನ್ಸಿಲುಗಳ ಕಾಯಿದೆಯು ಆರು ತಿಂಗಳು ಬಾಳುವ ಆರ್ಡಿನೆನ್ಸುಗಳನ್ನು ಹೊರಡಿಸಲು ಗವರ್ನರ್ ಜನರಲನಿಗೆ ಅಧಿಕಾರವಿತ್ತಿತು. 1932ರಲ್ಲಿ ಲಾರ್ಡ್ ವಿಲಿಂಗ್ಡನ್ನನು ಕಾನೂನುಭಂಗ ಚಳುವಳಿಯನ್ನು ತುಳಿದದ್ದು ಇದೇ ಆಯುಧದಿಂದ. ದೊರೆಯ ಘೋಷಣೆಯಿಂದ ಹೊಸ ಅಪರಾಧವು ಹುಟ್ಟಲಾರದೆಂದು ಇಂಗ್ಲೆಂಡಿನ ನ್ಯಾಯಾಧೀಶರು 1610ರಲ್ಲಿಯೇ ಸಾರಿದ್ದರು. ಆ ನ್ಯಾಯವು ಹಡಗು ಹತ್ತಿ ಹಿಂದೂಸ್ಥಾನಕ್ಕೆ ಬರಲಿಲ್ಲ!

ಸ್ವತಂತ್ರ ಭಾರತದ ರಾಜ್ಯಾಂಗವು ಈ ಅಧಿಕಾರವನ್ನು ಉಳಿಸಿಕೊಂಡಿತು, ಆದರೆ ಕಡಿವಾಣ ಹಾಕಿ. ಉಭಯ ಸಭೆಗಳೂ ಅಧಿವೇಶನದಲ್ಲಿರುವಾಗ ಆಜ್ಞೆ ಹೊರಡುವಂತಿಲ್ಲ. ತಕ್ಷಣದ ಕ್ರಮವು ಅವಶ್ಯವಾಗಿರಬೇಕು. ಸಭೆಯು ಮರಳಿ ಸೇರಿ ಆರು ವಾರ ಕಳೆಯಲು ಅದು ತಾನಾಗಿ ಸಾಯುವುದು. ಕಿಷ್ಕಿಂಧೆಯ ಅರಸನೂ ಸೀತಾನ್ವೇಷಣೆಗೆ ಹೊರಟ ಕಪಿಗಳಿಗೆ ಒಂದು ತಿಂಗಳ ಗಡುವನ್ನು ವಿಧಿಸಿದ್ದನಷ್ಟೆ. ಗಡುವಿಲ್ಲದ ಆಜ್ಞೆಗೆ ಆ ಹೆಸರೂ ಒಪ್ಪದು.

ಬಿಹಾರದಲ್ಲಿ ನಡೆದದ್ದನ್ನು ವಾಚಕರು ಗಮನಿಸಬೇಕು. 1967ರಿಂದ 1981ರವರೆಗೆ ಅಲ್ಲಿ 256 ಸುಗ್ರೀವಾಜ್ಞೆಗಳು ಹೊರಟವು. ಅಧಿವೇಶನವು ಮುಗಿದೊಡನೆ ಹಳೆಯ ಆಜ್ಞೆಗಳನ್ನೇ ಅಕ್ಷರ ಬದಲಿಸದೆ ಮತ್ತೆ ಹೊರಡಿಸುವುದು ಅಲ್ಲಿಯ ಸರಕಾರಕ್ಕೆ ವಾಡಿಕೆಯಾಗಿಬಿಟ್ಟಿತ್ತು. ಕಬ್ಬಿನ ಸರಬರಾಯಿಗೆ ಸಂಬಂಧಿಸಿದ ಒಂದು ಆಜ್ಞೆಯು ಹೀಗೆ ಹದಿಮೂರು ವರ್ಷಗಳಿಗೂ ಮಿಗಿಲಾಗಿ ಬದುಕಿತು. ಕಬ್ಬು ಬೆಳೆದ ರೈತನು ಅದಕ್ಕೆ ತಲೆಬಾಗಬೇಕು. ಅವನು ಆರಿಸಿ ಕಳುಹಿದ ಸದಸ್ಯನು ಮಾತ್ರ ಅದರ ಮೇಲೆ ಬಾಯಿ ತೆರೆಯುವಂತಿಲ್ಲ. ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞ ಡಿ. ಸಿ. ವಾಧ್ವಾ ಅವರು ಈ ಸಂಗತಿಯನ್ನು ಶೋಧಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಇದು ರಾಜ್ಯಾಂಗಕ್ಕೆ ಬಗೆದ ವಂಚನೆಯೆಂದು ಐವರು ನ್ಯಾಯಮೂರ್ತಿಗಳು 1986ರಲ್ಲಿ ತೀರ್ಪಿತ್ತರು. ಆಜ್ಞೆಯನ್ನು ಸಭೆಯ ಮುಂದಿಡುವುದು ಕಡ್ಡಾಯವೆಂದು 2017ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ ವಿಧಿಸಿತು. ಆ ವ್ಯಾಜ್ಯವೂ ಬಿಹಾರದ್ದೇ.

ಬಹುಮತವುಳ್ಳ ಮಂತ್ರಿಗಳಿಗೆ ಮಸೂದೆಯು ಬಿದ್ದುಹೋಗುವ ಭಯವೇನೂ ಇಲ್ಲ. ಅವರು ತಪ್ಪಿಸಿಕೊಳ್ಳಬಯಸುವುದು ಸೋಲನ್ನಲ್ಲ, ಪ್ರಶ್ನೆಯನ್ನು. ಇದನ್ನರಿತೇ ಪ್ರಥಮ ಲೋಕಸಭಾಧ್ಯಕ್ಷರಾದ ಮಾವಳಂಕರರು, ಪ್ರಧಾನಿ ನೆಹರೂ ತಮ್ಮ ಪಕ್ಷದವರೇ ಆಗಿದ್ದರೂ, ಸುಗ್ರೀವಾಜ್ಞೆಗಳನ್ನು ಆಕ್ಷೇಪಿಸಿ ಅವರಿಗೆ ಪತ್ರ ಬರೆದರು. ಆಜ್ಞೆಗೆ ಬದಲಾಗಿ ಮಸೂದೆಯನ್ನು ತರುವ ಮಂತ್ರಿಯು, ಅಂತಹ ಅವಸರವೇನಿತ್ತೆಂಬುದನ್ನು ವಿವರಿಸುವ ಹೇಳಿಕೆಯನ್ನು ಸಭೆಯ ಮುಂದಿಡಬೇಕೆಂದು ಲೋಕಸಭೆಯ 71ನೆಯ ನಿಯಮವು ವಿಧಿಸುತ್ತದೆ. ಮುಂದಿನ ಅಧಿವೇಶನದಲ್ಲಿ ಅಂತಹ ಹೇಳಿಕೆಯು ಬಂದಾಗ ನಮ್ಮ ಸದಸ್ಯರು ಮೊದಲು ಓದಬೇಕಾದ ಕಾಗದವು ಅದೇ.