ವಿಶ್ವನಾಥ ಗಲ್ಲಿಯಲ್ಲಿ ಒಂದು ಡೆಮೊ

ಸ್ಕೀ ಮಾಡುವವರಿಗೆ ‘ಡೆಮೊ’ ಎಂದರೆ ಏನೆಂದು ಗೊತ್ತು. ಗೊತ್ತಿಲ್ಲದವರಿಗೆ ಮೊದಲು ಅದನ್ನೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕಾಶಿಯಲ್ಲಿ ನಮ್ಮಪ್ಪನಿಗೆ ಊರುಗೋಲು ಕೊಂಡ ಕಥೆ ಪೂರ್ತಿ ಅರ್ಥವಾಗುವುದಿಲ್ಲ.

ನಾವಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ನಾಲ್ಕು ಗಂಟೆ ಕಾರು ಓಡಿಸಿದರೆ ಲೇಕ್ ಟಾಹೋ. 1960ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಅದರ ಹತ್ತಿರದ ಕಣಿವೆಯಲ್ಲೇ. ಮಗಳಿಗೆ ಸ್ಕೀ ಕಲಿಸಲು ಹೋಗಿ ನಾನೂ ಕಲಿತೆ. ನಾಲ್ಕು ವರ್ಷ ಬಾಡಿಗೆ ಸ್ಕೀಯಲ್ಲೇ ಕಳೆದ ಮೇಲೆ, ಕಳೆದ ಮಾರ್ಚಿನಲ್ಲಿ ಸ್ವಂತದ್ದು ಕೊಳ್ಳೋಣ ಎನಿಸಿತು. ಹೊಸ ಸ್ಕೀಗೆ ಸಾವಿರ ಡಾಲರ್ ಹತ್ತಿರ ಆಗುತ್ತದೆ. ಅಷ್ಟು ದುಡ್ಡು ಹಾಕುವ ಮೊದಲು ರೆಸಾರ್ಟಿನ ಅಂಗಡಿಯಿಂದ ಒಂದೊಂದೇ ಜೋಡಿ ತೆಗೆದುಕೊಂಡು, ಹಿಮದ ಮೇಲೆ ಜಾರಿ ನೋಡಿ, ವಾಪಸ್ ಕೊಟ್ಟು ಇನ್ನೊಂದು ಒಯ್ಯಬಹುದು. ಇದೇ ಡೆಮೊ. ಇಷ್ಟವಾಗಿ ಕೊಂಡರೆ ಎಷ್ಟೋ ಅಂಗಡಿಗಳಲ್ಲಿ ಡೆಮೊ ಬಾಡಿಗೆಯನ್ನು ಬೆಲೆಯಲ್ಲಿ ಕಳೆಯುತ್ತಾರೆ.

ಇದಕ್ಕೆ ಕೆಲವು ನಿಯಮಗಳಿವೆ. ಎಲ್ಲ ಜೋಡಿಯನ್ನೂ ಒಂದೇ ಇಳಿಜಾರಿನಲ್ಲಿ ಪರೀಕ್ಷಿಸಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ನಡುವಿನ ಅಗಲ 75 ಮಿಲಿಮೀಟರ್ ಆಸುಪಾಸಿನದು ಗಟ್ಟಿ ಹಿಮದಲ್ಲಿ ಚುರುಕಾಗಿ ತಿರುಗುತ್ತದೆ. 100ಕ್ಕೂ ಮೇಲಿನದು ಹೊಸದಾಗಿ ಬಿದ್ದ ಮೆತ್ತನೆಯ ಹಿಮದಲ್ಲಿ ತೇಲುತ್ತದೆ. ಡೆಮೊ ಸ್ಕೀಯ ಬೈಂಡಿಂಗ್ ಹಳಿಯ ಮೇಲೆ ಹಿಂದೆ ಮುಂದೆ ಸರಿಯುವಂಥದ್ದು. ಯಾರ ಬೂಟಾದರೂ ಕೂರಲಿ ಅಂತ. ಹಾಗಾಗಿ ಸ್ವಲ್ಪ ಭಾರ ಹೆಚ್ಚು.

ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಅಂಗಡಿಯಲ್ಲಿ ತುಂಬುವ ಫಾರ್ಮು. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಮತ್ತು ನೀವು ಎಂಥ ಸ್ಕೀಯರ್: 1 ಎಂದರೆ ಜಾಗರೂಕ, 2 ಮಧ್ಯಮ, 3 ವೇಗದವ. ಬಿದ್ದಾಗ ಎಷ್ಟು ಬಲ ಬಿದ್ದರೆ ಬೂಟು ಸ್ಕೀಯಿಂದ ಬಿಟ್ಟುಕೊಳ್ಳಬೇಕು ಎಂಬುದನ್ನು ಈ ಉತ್ತರಗಳಿಂದಲೇ ಲೆಕ್ಕ ಹಾಕುತ್ತಾರೆ. ವಯಸ್ಸು 50 ದಾಟಿದರೆ ಇನ್ನೂ ಬೇಗ ಬಿಡುವಂತೆ ಹೊಂದಿಸುತ್ತಾರೆ. ದೊಡ್ಡಸ್ತಿಕೆಗೆ 3 ಅಂತ ಬರೆದರೆ ಬಿದ್ದಾಗ ಸ್ಕೀ ಬಿಡುವುದಿಲ್ಲ, ಅದರ ಜೊತೆ ಕಾಲೂ ತಿರುಚುತ್ತದೆ.

ನಾನು 3 ಅಂತ ಬರೆದೆ. ಪಕ್ಕದಲ್ಲಿ ಆಫೀಸಿನ ಗೆಳೆಯರಿದ್ದರು.

ಎರಡನೆಯ ಜೋಡಿಯಲ್ಲಿ, ನಿಧಾನವಾಗಿ ತಿರುಗುತ್ತಿದ್ದಾಗಲೇ ಬಿದ್ದೆ. ಸ್ಕೀ ಬಿಡಲಿಲ್ಲ. ಬಲ ಮಂಡಿ ಊದಿಕೊಂಡು ಆರು ವಾರ ಪಟ್ಟಿ ಕಟ್ಟಿಕೊಂಡೆ. ಅರಸೀಕೆರೆಗೆ ಪ್ರತಿ ಭಾನುವಾರ ವಿಡಿಯೊ ಕಾಲ್ ಮಾಡುವಾಗ ಕ್ಯಾಮೆರಾವನ್ನು ಎದೆಯಿಂದ ಮೇಲಕ್ಕೆ ಹಿಡಿಯುತ್ತಿದ್ದೆ. ಅಪ್ಪ ಕೇಳಿದರೆ "ಚೆನ್ನಾಗಿದ್ದೀನಿ" ಎನ್ನುತ್ತಿದ್ದೆ. ಅವರೂ "ಚೆನ್ನಾಗಿದ್ದೀನಿ" ಎನ್ನುತ್ತಿದ್ದರು.

ಡಿಸೆಂಬರಿನಲ್ಲಿ ಅಪ್ಪ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋದೆ. ಅಪ್ಪನಿಗೆ 72. ವಿಮಾನ ನಿಲ್ದಾಣದಲ್ಲೇ ಅವರ ನಡಿಗೆ ನೋಡಿ ನನಗೆ ಅನುಮಾನ ಬಂತು. ಜೂನಿನಲ್ಲಿ ಬಚ್ಚಲಲ್ಲಿ ಬಿದ್ದು ಎಡ ಮಂಡಿಗೆ ಪೆಟ್ಟಾಗಿತ್ತು ಅಂತ ಅಮ್ಮ ಗುಟ್ಟಾಗಿ ಹೇಳಿದಳು. "ಮಗನಿಗೆ ಹೇಳಬೇಡ, ಅಲ್ಲಿ ಕೂತು ಚಿಂತೆ ಮಾಡ್ತಾನೆ" ಎಂದಿದ್ದರಂತೆ.

ವಿಶ್ವನಾಥ ಗಲ್ಲಿ ನೋಡಿದವರಿಗೆ ಗೊತ್ತು. 2021ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಕಾರಿಡಾರ್‌ನಿಂದಾಗಿ ಗಂಗೆಯ ಕಡೆಯಿಂದ ದೇವಸ್ಥಾನಕ್ಕೆ ವಿಶಾಲವಾದ ದಾರಿ ಬಂದಿದೆ. ಆದರೆ ಅಪ್ಪನಿಗೆ ಹಳೆಯ ಗಲ್ಲಿಯಿಂದಲೇ ಹೋಗಬೇಕು, ಸಾಕ್ಷಿ ವಿನಾಯಕನಿಗೂ ಅನ್ನಪೂರ್ಣೆಗೂ ಕೈ ಮುಗಿಯಬೇಕು. ಇಕ್ಕಟ್ಟಾದ ಕಲ್ಲುಹಾಸಿನ ದಾರಿ. ಎರಡೂ ಬದಿಗೆ ಬಳೆ, ಕುಂಕುಮ, ರುದ್ರಾಕ್ಷಿ, ಹಿತ್ತಾಳೆ ವಿಗ್ರಹ, ಅರಗಿನ ಬಣ್ಣದ ಮರದ ಗೊಂಬೆ. ಕಾಲಡಿ ನೀರು, ಹೂವು, ಸಗಣಿ. ಕಾಶಿಯಲ್ಲಿ ಗೂಳಿಗೂ ಮೆಟ್ಟಿಲಿಗೂ ಹುಷಾರಾಗಿರಬೇಕು ಅನ್ನುವ ಹಳೆಯ ಮಾತು ಸುಮ್ಮನೆ ಹುಟ್ಟಿಲ್ಲ. ಒಂದು ಗೂಳಿಗೆ ದಾರಿ ಬಿಡಲು ಹೋಗಿ ಅಪ್ಪ ಜಾರಿದರು. ಗೋಡೆ ಹಿಡಿದು ನಿಂತರು. ಬೀಳಲಿಲ್ಲ.

ಪಕ್ಕದ ಅಂಗಡಿಯಲ್ಲಿ ಕೋಲುಗಳು ನೇತಾಡುತ್ತಿದ್ದವು. ನಾನು ಒಂದನ್ನು ಇಳಿಸಲು ಹೇಳಿದೆ. "ಯಾರಿಗೆ? ನಂಗೇನೂ ಬೇಡ" ಎಂದರು ಅಪ್ಪ. ಭಾಷೆ ತಿಳಿಯದಿದ್ದರೂ ಮುಖ ನೋಡಿಯೇ ಅಂಗಡಿಯ ಮುದುಕನಿಗೆ ವಿಷಯ ಗೊತ್ತಾಯಿತು. "ಪೆಹಲೇ ಚಲ್ ಕೇ ದೇಖಿಯೇ, ಬಾಬೂಜಿ" ಎಂದ. ಮೊದಲು ನಡೆದು ನೋಡಿ, ಕೊಳ್ಳುವುದು ಆಮೇಲೆ.

ಅವನ ಡೆಮೊ ಟಾಹೋದಷ್ಟೇ ಶಿಸ್ತಿನದಾಗಿತ್ತು. ಅಪ್ಪನನ್ನು ನೆಟ್ಟಗೆ ನಿಲ್ಲಿಸಿ ಕೈ ಇಳಿಬಿಡಲು ಹೇಳಿದ. ಹಿಡಿಕೆ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು, ಊರಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಆಮೇಲೆ ಕೇಳಿದ: ಯಾವ ಕಾಲು ನೋಯುತ್ತದೆ? ನಾನು ಅನುವಾದಿಸಿದೆ. ಅಪ್ಪ ಸುಮ್ಮನಿದ್ದರು.

ಆ ಫಾರ್ಮು ನನಗೆ ನೆನಪಾಯಿತು. "ಅಪ್ಪಾ, ನಾನು ಮಾರ್ಚಿನಲ್ಲಿ ಬಿದ್ದಿದ್ದೆ. ನಿಮಗೆ ಹೇಳಲಿಲ್ಲ" ಎಂದೆ. ಗಲ್ಲಿಯಲ್ಲೇ ಪ್ಯಾಂಟು ಮೇಲೆತ್ತಿ ಇನ್ನೂ ಸ್ವಲ್ಪ ದಪ್ಪಗಿರುವ ಮಂಡಿ ತೋರಿಸಿದೆ. ಅವರು ಅದನ್ನೇ ನೋಡುತ್ತ ನಿಂತರು. ಆಮೇಲೆ ತಮ್ಮ ಎಡ ಮಂಡಿ ಮುಟ್ಟಿ, "ಇದು" ಎಂದರು.

ಎಡಗಾಲು ನೋಯುವುದಾದರೆ ಕೋಲು ಬಲಗೈಯಲ್ಲಿರಬೇಕು, ನೋಯುವ ಕಾಲಿನ ಜೊತೆಗೇ ಮುಂದೆ ಹೋಗಬೇಕು. ಸಿನಿಮಾದಲ್ಲಿ ಸಾಮಾನ್ಯವಾಗಿ ತಪ್ಪು ಕೈಗೆ ಕೊಡುತ್ತಾರೆ. ಅಪ್ಪ ಮೂರು ಕೋಲು ಹಿಡಿದು ಬಳೆ ಅಂಗಡಿಯವರೆಗೆ ಮೂರು ಸಲ ಹೋಗಿ ಬಂದರು. ಅದೇ ದಾರಿ, ಅದೇ ಕಲ್ಲುಗಳು. ಮೊದಲನೆಯದು ಭಾರ, ಎರಡನೆಯದು ಉದ್ದ. ಮೂರನೆಯದನ್ನು ಅವರು ಹಿಂದಕ್ಕೆ ಕೊಡಲಿಲ್ಲ. ಮುದುಕ ಅದರ ತುದಿಗೆ ರಬ್ಬರ್ ಟೋಪಿ ಹಾಕಿಕೊಟ್ಟ.

"ಮದುವೆಯಲ್ಲಿ ಕೊಡೆ, ಕೋಲು ಹಿಡಿದು ಕಾಶಿಗೆ ಹೊರಟಿದ್ದೆ. ನಿನ್ನ ತಾತ ತಡೆದು ವಾಪಸ್ ಕರ್ಕೊಂಡು ಹೋದ್ರು" ಎಂದರು ಅಪ್ಪ. "ಬಾಕಿ ಉಳಿದಿದ್ದ ಕೋಲು ಈಗ ಸಿಕ್ತು."

ಸಂಜೆ ದಶಾಶ್ವಮೇಧ ಘಾಟಿನ ಮೆಟ್ಟಿಲಿಳಿಯುವಾಗ ಇಳಿಯಲು ಯಾವ ಕಾಲು ಮೊದಲು ಅಂತ ಅವರೇ ಕೇಳಿದರು. ನನ್ನ ಫಿಸಿಯೊಥೆರಪಿಸ್ಟ್ ಕಲಿಸಿದ್ದನ್ನು ಹೇಳಿದೆ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲಿನ ಜೊತೆ ನೋಯುವ ಕಾಲು ಮೊದಲು. ಇಬ್ಬರೂ ಹಾಗೆಯೇ ಇಳಿದೆವು.

ಕಾಶಿಗೆ ಹೋದವರು ಇಷ್ಟವಾದ ಏನನ್ನಾದರೂ ಬಿಟ್ಟು ಬರಬೇಕು ಅಂತ ನಮ್ಮಲ್ಲಿ ರೂಢಿ. ಅಪ್ಪ ಬದನೆಕಾಯಿ ಬಿಡುತ್ತೇನೆ ಎಂದರು. ಅಮ್ಮ ಒಪ್ಪಲಿಲ್ಲ. "ಬದನೆಕಾಯಿ ಇರಲಿ. ಇಬ್ಬರೂ ಆ ‘ಚೆನ್ನಾಗಿದ್ದೀನಿ’ ಅನ್ನೋದನ್ನ ಬಿಡಿ" ಎಂದಳು.

ಈ ಚಳಿಗಾಲದಲ್ಲಿ ಮತ್ತೆ ಡೆಮೊಗೆ ಹೋಗುತ್ತೇನೆ. ಫಾರ್ಮಿನಲ್ಲಿ 1 ಅಂತ ಬರೆಯುತ್ತೇನೆ. ಭಾನುವಾರದ ಕಾಲ್‌ನಲ್ಲಿ ಈಗ ಮೊದಲು ಮಂಡಿಗಳ ವರದಿ, ಆಮೇಲೆ ಮಿಕ್ಕ ಮಾತು.