ಹೊಗೆ ಕಾಣದಿದ್ದರೂ ಕಣ ಇದ್ದೇ ಇದೆ

ಮಧುಗಿರಿಯ ಒಂದು ಪೆಟ್ರೋಲ್ ಬಂಕ್. ಮೂಲೆಯಲ್ಲಿ ಎಮಿಷನ್ ಟೆಸ್ಟಿನ ವ್ಯಾನು, ಅದರ ಪಕ್ಕಕ್ಕೆ ಪಾವಗಡದ ಕಡಲೆಕಾಯಿ ಮೂಟೆ ಹೇರಿಕೊಂಡ ಕೆಎ-64 ನಂಬರಿನ ಲಗೇಜ್ ಗಾಡಿ. ಹುಡುಗ ಸೈಲೆನ್ಸರ್ ಬಾಯಿಗೆ ನಳಿಗೆ ತೂರಿಸಿ, ‘ಒತ್ತಣ್ಣಾ, ಪೂರ್ತಿ ಒತ್ತು’ ಅನ್ನುತ್ತಾನೆ. ಇಂಜಿನ್ ಕೂಗುತ್ತದೆ, ಹೊಗೆ ಬುಸ್ಸೆನ್ನುತ್ತದೆ. ನಾಲ್ಕೈದು ಸಲ ಹೀಗೆ ಮಾಡಿದ ಮೇಲೆ ಸರ್ಟಿಫಿಕೇಟ್ ಹೊರಬರುತ್ತದೆ. ಡ್ರೈವರ್ ಅದನ್ನು ಮಡಚಿ ಜೇಬಿಗಿಡುತ್ತಾನೆ. ಅದರಲ್ಲಿ ಬರೆದಿರುವ ಅಂಕಿಯನ್ನು ಯಾರೂ ನೋಡುವುದಿಲ್ಲ. ನಾನಂತೂ ಬಹುಕಾಲ ನೋಡಿರಲಿಲ್ಲ.

ಬಿಎಸ್-4 ಎಂಬ ಮಾಲಿನ್ಯ ಮಾನದಂಡದ ಡೀಸೆಲ್ ಗಾಡಿಗೆ ಆ ಅಂಕಿ 1.62 ದಾಟಬಾರದು, ಅದಕ್ಕೂ ಹಳೆಯ ಗಾಡಿಗೆ 2.45. ಯಂತ್ರದೊಳಗೆ ಸುಮಾರು 43 ಸೆಂಟಿಮೀಟರ್ ಉದ್ದದ ಕೊಳವೆಯಿದೆ. ಅದರ ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಬೆಳಕು ಹಿಡಿಯುವ ಕಣ್ಣು, ನಡುವೆ ಹೊಗೆ. 1.62 ಅಂದರೆ ಅಷ್ಟು ದೂರದಲ್ಲಿ ಅರ್ಧ ಬೆಳಕನ್ನು ಹೊಗೆಯೇ ನುಂಗಿತು ಅಂತ. 2.45 ಅಂದರೆ ನೂರಕ್ಕೆ 65 ಪಾಲು ಹೋಯಿತು. ಅರ್ಧ ಬೆಳಕು ನುಂಗಿದ ಗಾಡಿಯೂ ನಮ್ಮಲ್ಲಿ ಪಾಸು!

ಅದಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಈ ಯಂತ್ರ ಅಳೆಯುವುದು ಹೊಗೆಯ ನೆರಳನ್ನು, ಕಣಗಳನ್ನಲ್ಲ. ಡೀಸೆಲ್ ಮಸಿಯ ಕಣಗಳಲ್ಲಿ ಬಹುಪಾಲು ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸಿನವು. ಸುದ್ದಿಯಲ್ಲಿ ಕೇಳುವ ಪಿಎಂ 2.5 ಎಂಬ ಗುಂಪಿನ ಅತಿ ದೊಡ್ಡ ಕಣ ಅದಕ್ಕಿಂತ 25 ಪಟ್ಟು ಅಗಲ. ಒಂದನ್ನು ರಾಗಿ ಕಾಳು ಅಂದುಕೊಳ್ಳಿ, ಇನ್ನೊಂದನ್ನು ನಿಂಬೆಹಣ್ಣು. ಒಂದು ನಿಂಬೆಹಣ್ಣಿನ ಗಾತ್ರ ತುಂಬಲು 15,625 ರಾಗಿ ಕಾಳು ಬೇಕು. ತೂಗಿದರೆ ಎರಡೂ ಒಂದೇ, ಎಣಿಸಿದರೆ ಅಜಗಜಾಂತರ. ಈ ರಾಗಿ ಜಾತಿಯವು ಶ್ವಾಸಕೋಶದ ತಳದವರೆಗೂ ಇಳಿಯಬಲ್ಲವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಕಣ್ಣಿಗೆ ಕಾಣದ್ದನ್ನು ಎಣಿಸುವುದು ಹೇಗೆ? ಸ್ಕಾಟ್ಲೆಂಡಿನ ಜಾನ್ ಏಟ್ಕನ್ 1880ರ ದಶಕದಲ್ಲೇ ದಾರಿ ತೋರಿಸಿದ್ದ. ಮಂಜಿನ ಹನಿ ಕಟ್ಟುವುದು ಧೂಳಿನ ಕಣದ ಸುತ್ತ. ಹಾಗಾದರೆ ಕಣಕ್ಕೆ ಹನಿಯ ಅಂಗಿ ತೊಡಿಸಿ, ಹನಿಯನ್ನೇ ಎಣಿಸಿದರಾಯಿತು. ಇಂದಿನ ಕಣ ಎಣಿಕೆ ಯಂತ್ರಗಳಲ್ಲಿ ಒಂದು ಬಗೆ ಈಗಲೂ ಇದನ್ನೇ ಮಾಡುತ್ತದೆ. ಆಲ್ಕೊಹಾಲ್ ಆವಿ ಕಣವನ್ನು ಸುತ್ತಿಕೊಂಡು ಉಬ್ಬುತ್ತದೆ, ಲೇಸರ್ ಬೆಳಕಿಗೆ ಅಡ್ಡ ಬಂದಾಗ ಒಂದೊಂದೂ ಮಿಣುಕುತ್ತದೆ. ಇನ್ನೊಂದು ಬಗೆ ಕಣಗಳಿಗೆ ವಿದ್ಯುತ್ತಿನ ಆವೇಶ ಕೊಟ್ಟು, ಅವು ಹೊತ್ತು ತರುವ ಕರೆಂಟನ್ನು ಅಳೆಯುತ್ತದೆ.

ನಮ್ಮಲ್ಲೂ ಈ ಎಣಿಕೆ ಇಲ್ಲವೆಂದಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಪ್ರಕಾರ ಡೀಸೆಲ್ ಕಾರು ಕಿಲೋಮೀಟರಿಗೆ 60,000 ಕೋಟಿಗಿಂತ ಹೆಚ್ಚು ಕಣ ಉಗುಳುವಂತಿಲ್ಲ. ಆದರೆ ಆ ಲೆಕ್ಕ ಹೊಸ ಗಾಡಿಗೆ ಮಾತ್ರ. ರಸ್ತೆಗಿಳಿದು ವರ್ಷಗಳಾದ ಮೇಲೆ ಮತ್ತದೇ ದೀಪ, ಅದೇ ನೆರಳು. ನೆದರ್ಲೆಂಡ್ಸ್ 2023ರ ಜನವರಿಯಿಂದ, ಜರ್ಮನಿ ಅದೇ ವರ್ಷದ ಜುಲೈಯಿಂದ ಓಡುವ ಗಾಡಿಗಳಿಗೂ ಎಣಿಕೆ ಶುರು ಮಾಡಿದವು. ಮಸಿ ಹಿಡಿಯುವ ಫಿಲ್ಟರ್ ಒಡೆದ ಗಾಡಿಗಳು ಹಳೆಯ ಹೊಗೆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತಿದ್ದುದೇ ಕಾರಣ.

ಈ ಫಿಲ್ಟರಿನದೇ ನಮ್ಮ ಕಡೆಯ ನಿಜವಾದ ಕಥೆ. ಸೈಲೆನ್ಸರ್ ಸಾಲಿನಲ್ಲಿ ಕೂತ ಡಿಪಿಎಫ್ ಎಂಬ ಜೇನುಹುಟ್ಟಿನಂಥ ಜರಡಿ ಮಸಿ ಹಿಡಿಯುತ್ತದೆ. ತುಂಬಿದಾಗ 600 ಡಿಗ್ರಿಯ ಆಸುಪಾಸಿನ ಕಾವಿನಲ್ಲಿ ಸುಟ್ಟುಕೊಳ್ಳಬೇಕು. ಕೊರಟಗೆರೆ ಪೇಟೆಯಲ್ಲಿ ನಿಂತು ನಿಂತು ಹೋಗುವ ಗಾಡಿಗೆ ಆ ಕಾವು ಏರುವುದೇ ಇಲ್ಲ. ಜರಡಿ ಕಟ್ಟಿಕೊಂಡು ಎಳೆತ ಕಡಿಮೆಯಾಗುತ್ತದೆ, ‘ಕೊಯ್ದು ತೆಗೆಸಿಬಿಡಿ ಸಾರ್’ ಎಂಬ ಸಲಹೆ ಸಿಗುತ್ತದೆ. ತೆಗೆಸಿದರೂ ಹೊಗೆ ಕಾಣದೆ ಇರಬಹುದು, ಸರ್ಟಿಫಿಕೇಟೂ ಸಿಗಬಹುದು.

ದಯವಿಟ್ಟು ತೆಗೆಸಬೇಡಿ. ಫಿಲ್ಟರಿನ ದೀಪ ಹೊತ್ತಿದರೆ ಮೊದಲು ಗಾಡಿಯ ಕೈಪಿಡಿ ನೋಡಿ. ಓಡಿಸಿ ಅಂತ ಅದರಲ್ಲಿದ್ದರೆ ಶಿರಾ ಹೈವೇಗೆ ಹೋಗಿ, ಕಾಲು ಗಂಟೆ ಒಂದೇ ವೇಗದಲ್ಲಿ ಓಡಿಸಿ. ಎಷ್ಟೋ ಸಲ ಅಷ್ಟಕ್ಕೇ ದೀಪ ಆರುತ್ತದೆ.