ಕ್ಷೌರದ ಕತ್ತಿಗೆ ಯಾವ ಕಲ್ಲು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತೋಟದ ಮನೆಗಳಲ್ಲಿ ಕತ್ತಿ ಮಸೆಯಲು ಬಾರದವರು ಕಡಿಮೆ. ಹುಲ್ಲು ಕೊಯ್ಯುವ ಕತ್ತಿಗೆ ಹಾರ್ಡ್‌ವೇರ್ ಅಂಗಡಿಯ ಎರಡು ಬದಿಯ ಕಾರ್ಬೊರಂಡಮ್ ಕಲ್ಲು ಧಾರಾಳ ಸಾಕು. ಆದರೆ ಅಜ್ಜನ ಕಾಲದ ಮಡಚುವ ಕ್ಷೌರದ ಕತ್ತಿಯನ್ನು ಮಾತ್ರ ಆ ಕಲ್ಲಿಗೆ ಮುಟ್ಟಿಸಬೇಡಿ. ಅದರ ಒರಟು ಹರಳುಗಳು ತೆಳುವಾದ ಅಲಗನ್ನು ಗರಗಸದಂತೆ ಮಾಡುತ್ತವೆ, ಕೆನ್ನೆ ಉರಿಯುತ್ತದೆ.

ಕಲ್ಲಿನ ಆಯ್ಕೆ

ಕಲ್ಲಿನ ನಯವನ್ನು ಗ್ರಿಟ್ ಸಂಖ್ಯೆಯಿಂದ ಅಳೆಯುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ. ಧಾರೆ ಪೂರ್ತಿ ಹೋಗಿದ್ದರೆ 1000ದಿಂದ ಶುರುಮಾಡಬೇಕು. ಬರೀ ಮೊಂಡಾಗಿದ್ದರೆ ಒಂದು ಬದಿ 4000, ಇನ್ನೊಂದು ಬದಿ 8000 ಇರುವ ನೀರುಗಲ್ಲು ಕಲಿಯುವವರಿಗೆ ಸಾಕು. 12000 ಆಮೇಲೆ ನೋಡಿದರಾಯಿತು. ಅಲಗಿನ ಅಂಚಿನಲ್ಲೇ ತುಕ್ಕು ಗುಂಡಿ ಬಿದ್ದ ಕತ್ತಿಯಲ್ಲಿ ಕಲಿಯಲು ಹೋಗಬೇಡಿ.

ಮೊದಲು ಕಲ್ಲು ಸಮತಟ್ಟಾಗಲಿ. ಮೇಲೆ ಪೆನ್ಸಿಲಿನಿಂದ ಗೆರೆಗಳನ್ನೆಳೆದು, ಗಾಜಿನ ಮೇಲಿಟ್ಟ 400ರ ವಾಟರ್ ಪೇಪರಿನ ಮೇಲೆ ನೀರು ಹಾಕಿ, ಗೆರೆಗಳೆಲ್ಲ ಅಳಿಯುವವರೆಗೆ ಉಜ್ಜಿ.

ಮಸೆಯುವ ಕ್ರಮ

ಕೋನದ ಚಿಂತೆ ಬೇಡ, ಅದನ್ನು ಕತ್ತಿಯ ಬೆನ್ನಿನ ದಪ್ಪವೇ ನಿರ್ಧರಿಸುತ್ತದೆ. ಬೆನ್ನು, ಧಾರೆ ಎರಡೂ ಕಲ್ಲಿಗೆ ತಾಗಿರಬೇಕು. ಧಾರೆ ಮುಂದಾಗಿ, ಹಿಡಿಯ ಬದಿಯಿಂದ ತುದಿಯ ಕಡೆಗೆ ಓರೆಯಾಗಿ ಎಳೆಯಿರಿ. ಕೊನೆಯಲ್ಲಿ ಬೆನ್ನಿನ ಮೇಲೆಯೇ ಕತ್ತಿಯನ್ನು ಮಗುಚಿ, ಇನ್ನೊಂದು ಬದಿಯನ್ನು ಹಿಂದಕ್ಕೆ ತನ್ನಿ. ನಯವಾದ ಕಲ್ಲಿಗೆ ಹೋದಂತೆ ಒತ್ತಡ ಇಳಿಸುತ್ತ ಬನ್ನಿ. ಕೊನೆಕೊನೆಗೆ ಕತ್ತಿಯ ಭಾರವಷ್ಟೇ ಸಾಕು.

ಕಣ್ಣು ನೀರಿನ ಮೇಲಿರಲಿ. ಧಾರೆ ಸರಿಯಾಗಿ ತಾಗುತ್ತಿದ್ದರೆ ಅದರ ಮುಂದಿನ ನೀರು ಉದ್ದಕ್ಕೂ ಒಂದೇ ಸಮ ಅಲಗಿನ ಮೇಲೆ ಹತ್ತುತ್ತದೆ. ಎಲ್ಲಿ ಹತ್ತುವುದಿಲ್ಲವೋ ಅಲ್ಲಿ ಧಾರೆ ಇನ್ನೂ ಕಲ್ಲಿಗೆ ಕೂತಿಲ್ಲ. ಮುಂದಿನ ಕಲ್ಲಿಗೆ ಹೋಗಲು ಅವಸರ ಮಾಡಬೇಡಿ.

ಕಡೆಗೆ ಬಿಗಿಯಾಗಿ ಎಳೆದು ಹಿಡಿದ ಚರ್ಮದ ಪಟ್ಟಿಯ ಮೇಲೆ ಸುಮಾರು 50 ಸಲ ಹಾಯಿಸಿ. ಇಲ್ಲಿ ಬೆನ್ನು ಮುಂದೆ, ಧಾರೆ ಹಿಂದೆ. ತಪ್ಪಿದರೆ ಪಟ್ಟಿ ಸೀಳುತ್ತದೆ.

ಮಳೆಗಾಲದ ಕಾಳಜಿ

ನಮ್ಮ ಕರಾವಳಿ ಜಿಲ್ಲೆಯ ಮಳೆಯಲ್ಲಿ ಕಾರ್ಬನ್ ಉಕ್ಕಿಗೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ. ಕ್ಷೌರವಾದ ಕೂಡಲೇ ಒರೆಸಿ, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿ. ಚರ್ಮದ ಚೀಲ ತೇವ ಹಿಡಿಯುವುದರಿಂದ ಅದರಲ್ಲಿ ಇಡಬೇಡಿ.

ಒಬ್ಬರ ಕತ್ತಿ ಇನ್ನೊಬ್ಬರಿಗೆ ಬೇಡ, ರಕ್ತದಿಂದ ಸೋಂಕು ಹರಡುತ್ತದೆ. ಸೆಲೂನುಗಳು ಗಿರಾಕಿಗೊಂದು ಹೊಸ ಬ್ಲೇಡ್ ಹಾಕುವುದೂ ಇದಕ್ಕೇ. ಮನೆಯಲ್ಲಿ ಮಾತ್ರ, ಪಟ್ಟಿಗೆ ಹಾಯಿಸಿದರೂ ಕತ್ತಿ ಕೂದಲನ್ನು ಎಳೆಯತೊಡಗಿದಾಗ, 8000ದ ಕಲ್ಲಿನ ಮೇಲೆ ಹಗುರವಾಗಿ ಹತ್ತು ಸಲ ಎಳೆದರೆ ಅದೇ ಕತ್ತಿ ಮತ್ತೆ ಕೆಲಸಕ್ಕೆ ಬರುತ್ತದೆ.